ಪ್ಲಗ್ ಕಿತ್ತ ಮೇಲೂ ಉಳಿದ ಸದ್ದು

ಕಡೂರು ಸ್ಟೇಷನ್ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಿಟ್ಟಿನ ಗಿರಣಿ ಬಾಗಿಲು ತೆಗೆದಿಲ್ಲ, ತೋಟಗಳ ಪಂಪ್‌ಸೆಟ್‌ಗಳು ಕರೆಂಟ್ ಎಳೆಯಲು ಶುರುಮಾಡಿಲ್ಲ. ವೋಲ್ಟೇಜ್ ಸರಿಯಾಗಿ ಬರುವ, ಬೀದಿ ಸುಮ್ಮನಿರುವ ಹೊತ್ತೆಂದರೆ ಇದೊಂದೇ. ಮಲ್ಲಿಕಾಂಬ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಮಂಡಿಯೂರಿ, ಸ್ಪೀಕರ್ ಪೆಟ್ಟಿಗೆಗೆ ಕಿವಿ ಹಚ್ಚಿದ್ದಾರೆ. ಆಂಪ್ಲಿಫೈಯರ್ ಹಾಕಿದೆ, ವಾಲ್ಯೂಮ್ ಪೂರ್ತಿ ತಿರುಗಿಸಿದೆ, ಕ್ಯಾಸೆಟ್ ಮಾತ್ರ ಹಾಕಿಲ್ಲ. ಅವರ ಕೈ ಗಂಡ ಪಂಚಾಕ್ಷರಪ್ಪನವರ ಮಣಿಕಟ್ಟಿನ ಮೇಲಿದೆ. ಸದ್ದಿದ್ದರೆ ಒತ್ತಬೇಕು, ಇಲ್ಲದಿದ್ದರೆ ಬಿಡಬೇಕು. ಪಂಚಾಕ್ಷರಪ್ಪ ನೋಡುತ್ತಿರುವುದು ಆಂಪ್ಲಿಫೈಯರನ್ನಲ್ಲ, ಹೆಂಡತಿಯ ಮುಖವನ್ನು.

ಮಲ್ಲಿಕಾಂಬ ಒತ್ತುತ್ತಾರೆ.

“ಎಡಗಡೇದಾ?” ಪಂಚಾಕ್ಷರಪ್ಪನವರ ದನಿ ಓಣಿಯ ತುದಿಗೂ ಕೇಳುವಂತಿದೆ.

“ಮೆತ್ತಗೆ ರೀ, ಪಕ್ಕದ ಯಲ್ಲಮ್ಮನ ಮನೇಲಿ ಮಗು ಮಲಗಿದೆ,” ಎನ್ನುತ್ತ ಅವರು ಬಲಗೈ ಎತ್ತಿ ತೋರಿಸುತ್ತಾರೆ. ಬಲಗಡೆಯದು.

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮನೆಗೊಂದು ಒಳ್ಳೆಯ ಆಂಪ್ಲಿಫೈಯರ್ ಬೇಕೆನ್ನುವವರು ಈಗಲೂ ಪಂಚಾಕ್ಷರಪ್ಪನವರನ್ನು ಕೇಳಿಯೇ ಕೊಳ್ಳುತ್ತಾರೆ. ರೇಡಿಯೋ, ಕ್ಯಾಸೆಟ್, ರೆಕಾರ್ಡ್ ಪ್ಲೇಯರ್ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಜೋಡಿಸುವ ದುಬಾರಿ ಆಂಪ್ಲಿಫೈಯರ್ ಕೊಳ್ಳುವವರು ಇಲ್ಲಿ ಕಡಿಮೆ. ಅಂಥವರು ಮೋಸ ಹೋಗಲು ಹೆದರುತ್ತಾರೆ. ಅಂಗಡಿಯವನು ಜೋರಾಗಿ ಹಾಡು ಹಾಕಿದರೆ ಎಲ್ಲ ಪೆಟ್ಟಿಗೆಯೂ ಚೆನ್ನಾಗಿಯೇ ಕೇಳುತ್ತದೆ. ಪಂಚಾಕ್ಷರಪ್ಪನವರ ಪರೀಕ್ಷೆ ಬೇರೆ. ಹಾಡಿಲ್ಲದೆ ವಾಲ್ಯೂಮ್ ಏರಿಸಿ, ಗುಂಯ್ ಎನ್ನುತ್ತದೆಯೇ ನೋಡಬೇಕು. ಸಣ್ಣ ದನಿಯಲ್ಲಿ ಒಬ್ಬರ ಮಾತು ಹಾಕಿ, ಎಡಕ್ಕೂ ಬಲಕ್ಕೂ ಒಂದೇ ಸಮ ಬರುತ್ತದೆಯೇ ಕೇಳಬೇಕು. ಒಂದಿಷ್ಟು ಹೊತ್ತು ಬಿಟ್ಟು, ಟ್ರಾನ್ಸ್‌ಫಾರ್ಮರ್ ಮೇಲೆ ಅಂಗೈ ಇಟ್ಟು ಬಿಸಿ ನೋಡಬೇಕು. ಮುಂಭಾಗದಲ್ಲಿ ಬರೆದ ವಾಟ್ಸ್ ನಂಬಬಾರದು.

ಇದರಲ್ಲಿ ಅಂಗೈಯ ಕೆಲಸ ಮಾತ್ರ ಈಗ ಅವರದು. ಕಿವಿಯ ಕೆಲಸ ಮಲ್ಲಿಕಾಂಬ ಅವರದು. ಇದು ಗಿರಾಕಿಗಳಿಗೆ ಗೊತ್ತಿಲ್ಲ. “ಅದೊಂದು ಬಿಟ್ಟು ಏನು ಬೇಕಾದ್ರೂ ಬರ್ಕಳಿ,” ಎನ್ನುತ್ತಾರೆ ಮಲ್ಲಿಕಾಂಬ, ಪತ್ರಿಕೆಗೆ ಬರೆಯಲು ಬಂದ ನನಗೆ. “ಗೊತ್ತಾದ್ರೆ ಯಾರ್ ಬತ್ತಾರೆ?”

ಪಂಚಾಕ್ಷರಪ್ಪ ಸಿಂಗಟಗೆರೆಯವರು. ಎಪ್ಪತ್ತರ ದಶಕವಿಡೀ ಅವರ ಮೈಕ್‌ಸೆಟ್ ಇಲ್ಲದೆ ಈ ಕಡೆ ಮದುವೆ, ನಾಟಕ, ಚುನಾವಣೆ ಭಾಷಣ ನಡೆದದ್ದು ಕಡಿಮೆ. ಹಾರ್ನ್ ಕಟ್ಟಿದ ಕಂಬದ ಬುಡದಲ್ಲೇ ಮಿಷನ್ ಇಟ್ಟು, ಅಲ್ಲೇ ಊಟ, ಅಲ್ಲೇ ನಿದ್ದೆ. ಬಿಟ್ಟುಹೋದರೆ ಕಳ್ಳರು ವೈರ್ ಕಿತ್ತುಕೊಂಡು ಹೋಗುತ್ತಿದ್ದರು. ಬಲಗಿವಿ ಮಂದವಾದಾಗ ಗುಗ್ಗೆ ಕಟ್ಟಿದೆ ಎಂದುಕೊಂಡು ಬಿಸಿ ಎಣ್ಣೆ ಬಿಟ್ಟುಕೊಂಡರು.

ಎಂಬತ್ತೆರಡರ ಬೇಸಿಗೆಯಲ್ಲಿ ತರೀಕೆರೆಯ ಮರದ ವ್ಯಾಪಾರಿ ತೀರ್ಥಪ್ಪ ತಮ್ಮ ಮನೆಯ ವಿದೇಶಿ ಆಂಪ್ಲಿಫೈಯರ್ ತಂದುಕೊಟ್ಟರು. ಮುಂದಿನ ಪುಟ್ಟ ದೀಪವೊಂದು ಸುಟ್ಟಿತ್ತು, ಅಷ್ಟೇ. ದೀಪ ಬದಲಿಸಿ ಪರೀಕ್ಷೆಗೆ ಕೂತ ಪಂಚಾಕ್ಷರಪ್ಪನವರಿಗೆ ಗುಂಯ್ ಎಂಬ ಸದ್ದು ಕೇಳಿತು. ಕೆಪಾಸಿಟರ್ ಬದಲಿಸಿದರು, ಹೋಗಲಿಲ್ಲ. ಅರ್ತಿಂಗ್ ಮತ್ತೆ ಕಟ್ಟಿದರು, ಹೋಗಲಿಲ್ಲ. ಟ್ರಾನ್ಸ್‌ಫಾರ್ಮರ್ ಬಿಚ್ಚಿ ಮತ್ತೆ ಕೂರಿಸುವಾಗ ವೈರ್ ತಪ್ಪಿತು. ಹೊಗೆ ಬಂತು. ಒಳಗಿಂದ ಮಲ್ಲಿಕಾಂಬ ಓಡಿಬಂದರು.

“ನೋಡೇ, ಸುಟ್ರೂ ಇನ್ನೂ ಗುಂಯ್ ಅಂತೈತೆ ಅಂದ್ರು,” ಮಲ್ಲಿಕಾಂಬ ನೆನೆಯುತ್ತಾರೆ. “ಎಲ್ಲೈತ್ರೀ ಸದ್ದು ಅಂದೆ. ನನ್ ಮುಖಾನೇ ನೋಡಿದ್ರು. ಎದ್ದೋಗಿ ಪ್ಲಗ್ ಕಿತ್ರು. ಆಮೇಲೆ ಗೋಡೆಗೊರಗಿ ಕೂತ್ಬಿಟ್ರು.”

“ಪ್ಲಗ್ ಕಿತ್ರೂ ನಿಲ್ಲಲಿಲ್ಲ,” ಎನ್ನುತ್ತಾರೆ ಪಂಚಾಕ್ಷರಪ್ಪ. “ಅವತ್ತಿಂದ ನಿಂತೇ ಇಲ್ಲ. ಈಗ್ಲೂ ಐತೆ.”

ತೀರ್ಥಪ್ಪನವರ ನಷ್ಟ ತುಂಬಿಕೊಡಲು ಮೈಕ್‌ಸೆಟ್ ಮಾರಬೇಕಾಯಿತು. ಶಿವಮೊಗ್ಗದ ಡಾಕ್ಟರು, ನರ ಹೋಗಿದೆ, ಇನ್ನು ಬರುವುದಿಲ್ಲ ಎಂದರು. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿ ಹತ್ತಿರದ ಜೋರು ಮಾತಿಗಷ್ಟೇ. ಉಳಿದದ್ದನ್ನು ಅವರು ತುಟಿ ನೋಡಿ ತಿಳಿಯುತ್ತಾರೆ.

ಯಗಟಿ ಕಡೆಯ ಕುರಿ ಸಾಕುವ ಊರಿನಿಂದ ಬಂದ ಮಲ್ಲಿಕಾಂಬ ಆಮೇಲೆ ಸ್ಪೀಕರ್ ಮುಂದೆ ಕೂತರು. ಮೊದಮೊದಲು ಗಿರಣಿಯ ಸದ್ದನ್ನೂ ಪೆಟ್ಟಿಗೆಯ ಸದ್ದನ್ನೂ ಒಂದೇ ಎಂದುಕೊಂಡು ಬೈಸಿಕೊಂಡರು. ಪರೀಕ್ಷೆ ನಸುಕಿಗೆ ಬಂದದ್ದು ಹಾಗೆ. ಈಗ ಯಾವ ಕಡೆಯದು, ಯಾವ ಸದ್ದು ಎಂದು ಹೇಳಬಲ್ಲರು. “ಒಲೆ ಮೇಲೆ ಅನ್ನ ಸೀಯೋಕೆ ಮುಂಚೆ ಕಿವಿಗೆ ಗೊತ್ತಾಗಲ್ವಾ? ಅಂಗೇ ಇದೂ,” ಎನ್ನುತ್ತಾರೆ. ಕಿವಿ ಹಚ್ಚಿ ಕಿವಿ ಹಚ್ಚಿ ಕುತ್ತಿಗೆ ಒಂದು ಕಡೆ ತಿರುಗುವುದಿಲ್ಲ. ಹಗಲೆಲ್ಲ ಮನೆಗೆಲಸ, ಜೊತೆಗೆ ಬೀಡಿ ಸುತ್ತುವ ಕೆಲಸ.

ಈ ದಿನದ ಪೆಟ್ಟಿಗೆಗಳು ಎರಡು. ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ಓಂಕಾರಮೂರ್ತಿ ಬೆಂಗಳೂರಿನ ಅಂಗಡಿಯಿಂದ ನೋಡಿ, ಬೇಡದ್ದನ್ನು ಹಿಂದಿರುಗಿಸುವ ಕರಾರಿನ ಮೇಲೆ ತಂದವು. ಒಂದಕ್ಕೆ ಹಸಿರು ದೀಪ, ಕುಣಿಯುವ ಮುಳ್ಳು. ಇನ್ನೊಂದು ಬರೀ ಕಪ್ಪು, ಮೂರು ಗುಂಡಿ. ಒಪ್ಪಿದರೆ ಅವರ ಮನೆಗೆ ಸ್ಪೀಕರ್ ಕಟ್ಟುವ, ವೈರ್ ಎಳೆಯುವ ಕೆಲಸವೂ ಇವರಿಗೇ. ಮಳೆಗಾಲ ದಾಟಲು ಆ ಕೆಲಸ ಬೇಕು.

ಬಿಸಿಲೇರುವ ಹೊತ್ತಿಗೆ ಓಂಕಾರಮೂರ್ತಿ ಸ್ಕೂಟರಿನಲ್ಲಿ ಬರುತ್ತಾರೆ.

“ಏನಪ್ಪಾ, ಮುಳ್ಳಿಂದೇ ತಾನೆ?”

“ಬ್ಯಾಡ ಸ್ವಾಮಿ. ಬಲಗಡೆ ಗುಂಯ್ ಅಂತೈತೆ. ಕಪ್ಪುದು ತಗಳಿ,” ಎನ್ನುತ್ತಾರೆ ಪಂಚಾಕ್ಷರಪ್ಪ.

“ಅದೇನ್ ಚೆಂದ ಐತೆ, ಬಾಣಲೆ ತಳ ಇದ್ದಂಗೈತೆ!” ನಗುತ್ತ ಓಂಕಾರಮೂರ್ತಿ ಪಂಚಾಕ್ಷರಪ್ಪನವರ ಬೆನ್ನ ಹಿಂದೆ ಹೋಗಿ, ಮುಳ್ಳಿನ ಪೆಟ್ಟಿಗೆಯ ಗುಂಡಿ ತಿರುಗಿಸುತ್ತಾರೆ. “ಎಲ್ಲಪ್ಪಾ ಗುಂಯ್? ನಂಗೆ ಕೇಳ್ತಿಲ್ವಲ್ಲ. ಪಂಚಾಕ್ಷರಪ್ಪಾ?”

ಪಂಚಾಕ್ಷರಪ್ಪ ಬಾಗಿಲಿನ ಕಡೆ ನೋಡುತ್ತ ನಿಂತಿದ್ದಾರೆ. ಓಂಕಾರಮೂರ್ತಿ ಇನ್ನೊಮ್ಮೆ ಕೂಗುತ್ತಾರೆ. ಗಿರಣಿ ಶುರುವಾಗಿದೆ. ಪಂಚಾಕ್ಷರಪ್ಪ ತಿರುಗುವುದಿಲ್ಲ.

ಮಲ್ಲಿಕಾಂಬ ಬೀಡಿಯ ಮೊರ ಕೆಳಗಿಡುತ್ತಾರೆ. “ಅವರಿಗೆ ಕೇಳ್ಸಲ್ಲ ಅಣ್ಣಾ. ಕೇಳಿದ್ದು ನಾನು.”

“ನೀವಾ?”

“ನಾಕು ವರ್ಷದಿಂದ ನಾನೇ. ಹೋದ್ ವರ್ಷ ನಿಮ್ಮ ಷಡ್ಡಕರಿಗೆ ಕೊಡ್ಸಿದ್ದೂ ನಾನ್ ಕೇಳಿದ್ದೇ.”

“ಅದು ಚೆನ್ನಾಗೈತೆ...” ಓಂಕಾರಮೂರ್ತಿ ತಲೆ ಕೆರೆದುಕೊಳ್ಳುತ್ತಾರೆ. ಒರಟು ಮನುಷ್ಯರಲ್ಲ. ಆದರೂ ಎರಡನ್ನೂ ಡಬ್ಬಕ್ಕೆ ಹಾಕಿಸುತ್ತಾರೆ. “ಬೇಜಾರ್ ಮಾಡ್ಕಬೇಡಿ. ಒಂದ್ಸಲ ಶಿವಮೊಗ್ಗದಲ್ಲೂ ತೋರಿಸ್ಬಿಡ್ತೀನಿ.”

ಸ್ಕೂಟರ್ ಹೋಗುತ್ತದೆ. ಪಂಚಾಕ್ಷರಪ್ಪ ಖಾಲಿ ಮೇಜನ್ನು ಬಟ್ಟೆಯಿಂದ ಒರೆಸುತ್ತಾರೆ. ಒರೆಸಿದ್ದನ್ನೇ ಒರೆಸುತ್ತಾರೆ.

“ಇನ್ನು ಬರ್ಕಳಿ,” ಎನ್ನುತ್ತಾರೆ ಮಲ್ಲಿಕಾಂಬ. “ಮುಚ್ಚಿಟ್ಟು ಸಾಕಾಯ್ತು. ಬರೋರು ತಿಳ್ಕಂಡೇ ಬರ್ಲಿ. ಬಲಗಡೆ ಗುಂಯ್ ಇದ್ದಿದ್ದಂತೂ ನಿಜ, ಶಿವಮೊಗ್ಗದೋರೂ ಅದನ್ನೇ ಹೇಳ್ಬೇಕು.”

ಮತ್ತೆ ಮೊರ ತೊಡೆಯ ಮೇಲಿಟ್ಟುಕೊಂಡು, ಗಂಡನ ಬೆನ್ನನ್ನು ನೋಡುತ್ತ, ದನಿ ತಗ್ಗಿಸದೆಯೇ ಹೇಳುತ್ತಾರೆ. “ಎಷ್ಟ್ ಪೆಟ್ಟಿಗೆಗೆ ಕಿವಿ ಕೊಟ್ಟಿದೀನಿ. ಇವರ ತಲೇಲಿರೋ ಸದ್ದು ಒಂದ್ಸಲ ನಂಗೆ ಕೇಳ್ಸಿದ್ರೆ ಸಾಕಿತ್ತು. ಯಾವ್ ಕಡೇದು ಅಂತಾದ್ರೂ ಹೇಳ್ತಿದ್ದೆ.”