ಸೀಮೆಸುಣ್ಣ ಹಾಕಿದ ಕಲ್ಲಂಗಡಿ

ರಸ್ತೆ ಬದಿಯ ಆ ತೋಟದ ಅಂಗಡಿಗೆ ಬೇಸಿಗೆ ಬಂತೆನ್ನುವುದನ್ನು ಯಾರೂ ಕ್ಯಾಲೆಂಡರ್ ನೋಡಿ ತಿಳಿಯುತ್ತಿರಲಿಲ್ಲ. ತಗಡಿನ ಮಾಡಿನ ಸಂದಿಗೆ ಗುಬ್ಬಿಗಳು ಹುಲ್ಲು ತುರುಕುತ್ತಿದ್ದವು. ಎಳೆ ಸೌತೆಕಾಯಿಯ ಬುಟ್ಟಿ ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ಹಿಪ್ಪುನೇರಳೆ ಹಣ್ಣು ತುಂಬಿಕೊಟ್ಟವರ ಬೆರಳು ವಾರಗಟ್ಟಲೆ ಕಪ್ಪಾಗಿಯೇ ಇರುತ್ತಿತ್ತು. ಇಷ್ಟೆಲ್ಲ ಆದಮೇಲೆ ಒಂದು ಬೆಳಿಗ್ಗೆ ಅಕ್ಕ ಒಂದು ತುಂಡು ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬಂದು ಕೂತಳೆಂದರೆ ಕಲ್ಲಂಗಡಿ ಬಂತು ಎಂದೇ ಅರ್ಥ.

ಅವಳು ನಿಜವಾಗಿ ಅಕ್ಕನಾಗಿದ್ದದ್ದು ತಮ್ಮ ಒಬ್ಬನಿಗೇ. ಆದರೆ ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ಅರವತ್ತರ ಹತ್ತಿರ. ಮದುವೆ ಮಾಡಿಕೊಂಡಿರಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಉಳುವುದು, ನೀರು ಬಿಡುವುದು ತಮ್ಮನ ಕೆಲಸ. ಕೊಯ್ಯುವುದು, ತೊಳೆಯುವುದು, ಬೇಯಿಸುವುದು ತಮ್ಮನ ಹೆಂಡತಿಯದು. ತಟ್ಟುವುದು ಅಕ್ಕನದು. ಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು, ಬಲಗಿವಿ ತಗ್ಗಿಸಿ, ನಡುಬೆರಳ ಗೆಣ್ಣಿನಿಂದ ಎರಡೇ ಎರಡು ಏಟು. ಕಾಯಿಯಾದರೆ ಟಣ್ ಎನ್ನುತ್ತದೆ, ಹಣ್ಣಾದರೆ ಡಬ್ ಎನ್ನುತ್ತದೆ. ಡಬ್ ಎಂದದ್ದಕ್ಕೆ ಸೀಮೆಸುಣ್ಣದ ಒಂದು ಗೀರು. ಅಪ್ಪ ಕಲಿಸಿಕೊಟ್ಟ ವಿದ್ಯೆ ಅದು. ಹಣ್ಣಿನ ಹೊಟ್ಟೆ ತಿರುಗಿಸಿ ಬಣ್ಣ ನೋಡುವುದು ಕಿವಿಯಿಲ್ಲದವರ ಕೆಲಸ ಎಂದು ಅಪ್ಪ ಹಂಗಿಸುತ್ತಿದ್ದ. ಗೀರು ಹಾಕಿದ ಹಣ್ಣು ಒಳಗೆ ಬೆಳ್ಳಗಿದ್ದರೆ ಒಂದಕ್ಕೆ ಎರಡು ಕೊಡುತ್ತೇವೆ ಎಂದು ಅವನು ಬರೆಸಿದ ಬೋರ್ಡು ಇನ್ನೂ ಬಾಗಿಲ ಮೇಲಿತ್ತು. ಎರಡು ಕೊಟ್ಟದ್ದನ್ನು ಮಾತ್ರ ನೋಡಿದವರು ಕಡಿಮೆ.

ಆ ಬಲಗಿವಿ ಹೋದ ಬೇಸಿಗೆಗೂ ಮುಂಚಿನ ಚಳಿಗಾಲದಲ್ಲಿ ಕೈಕೊಟ್ಟಿತು. ಒಂದೇ ದಿನಕ್ಕಲ್ಲ, ಮನೆಗೆ ಬಂದ ನೆಂಟ ಹೇಳದೆ ಕೇಳದೆ ಎದ್ದು ಹೋದ ಹಾಗೆ, ನೋಡಿದರೆ ಇರಲಿಲ್ಲ. ಎಡಗಿವಿ ಹತ್ತಿರದ ಮಾತಿಗೆ ಸಾಕಾಗುತ್ತಿತ್ತು, ಆದರೆ ಅದನ್ನು ಹಣ್ಣಿಗೆ ಕೊಟ್ಟರೆ ಕಾಯಿಯೂ ಡಬ್, ಹಣ್ಣೂ ಡಬ್. ಅಕ್ಕನಿಗೆ ಎಷ್ಟು ನಾಚಿಕೆಯಾಯಿತೆಂದರೆ ಒಡಹುಟ್ಟಿದ ತಮ್ಮನಿಗೂ ಹೇಳಲಿಲ್ಲ. ಈ ಮನೆಯಲ್ಲಿ ಅವಳದು ಎನ್ನುವುದು ಇದ್ದದ್ದು ಒಂದು ಬೆರಳು, ಒಂದು ಕಿವಿ. ಕಿವಿ ಹೋಯಿತೆಂದರೆ ಆ ಸ್ಟೂಲಿನ ಮೇಲೆ ಕೂರಲು ಅವಳಿಗೆ ಏನು ಹಕ್ಕು? ಉಂಡು ಮಲಗುವ ಮುದುಕಿಯಾಗಿ ಮೂಲೆ ಸೇರಬೇಕು.

ಹಾಗಾಗಿ ಹೋದ ಬೇಸಿಗೆಯಲ್ಲಿ ಅವಳು ನಾಟಕ ಮಾಡಿದಳು. ತಟ್ಟುವಳು, ಹುಬ್ಬು ಗಂಟಿಕ್ಕುವಳು, ಹತ್ತಕ್ಕೊಂದನ್ನು ಸುಮ್ಮನೆ ಪಕ್ಕಕ್ಕೆ ಸರಿಸುವಳು, ಉಳಿದದ್ದಕ್ಕೆ ಗೀರು ಎಳೆಯುವಳು. ಯಾರಾದರೂ ಬಾಗಿಲಲ್ಲಿ ಗಟ್ಟಿಯಾಗಿ ಕರೆದರೆ ಹಣ್ಣು ವಾಪಸ್ ತಂದರೇನೋ ಎಂದು ಬೆಚ್ಚುವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಕಲ್ಲಂಗಡಿಗೂ ಅದೇ ಗಾದೆ. ಆದರೆ ಆಶ್ಚರ್ಯ, ಒಂದೂ ವಾಪಸ್ ಬರಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಅಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು: ನಲವತ್ತು ವರ್ಷ ತಟ್ಟಿದ ಬೆರಳು, ಈಗ ಅದೇ ಕೇಳಿಸಿಕೊಳ್ಳುತ್ತದೆ. ಸುಳ್ಳು ಬೇರೆಯವರಿಗೆ ಹೇಳಿದರೆ ಒಂದು ತಪ್ಪು, ತನಗೇ ಹೇಳಿಕೊಂಡು ನಂಬಿದರೆ ಅದಕ್ಕೆ ಮದ್ದಿಲ್ಲ.

ಅವಳಿಗೆ ಸಿಡಿಮಿಡಿಯಾಗುತ್ತಿದ್ದದ್ದು ಒಂದೇ ವಿಷಯಕ್ಕೆ. ತಮ್ಮನ ಹೆಂಡತಿ ಏನೇ ಹೇಳಬೇಕಾದರೂ ಸುತ್ತಿ ಬಳಸಿ ಅವಳ ಎಡಕ್ಕೇ ಬರುತ್ತಿದ್ದಳು. ಎಡಗಡೆ ಬೀನ್ಸ್ ಬುಟ್ಟಿಗಳಿದ್ದವು, ಕಾಲಿಡಲು ಜಾಗವಿರಲಿಲ್ಲ, ದಿನಕ್ಕೊಮ್ಮೆ ಏನಾದರೂ ಉರುಳುತ್ತಿತ್ತು. ಬಲಗಡೆ ಇಷ್ಟು ಜಾಗ ಬಿದ್ದಿದೆ, ಕಣ್ಣು ಕಾಣಲ್ವಾ ಎಂದು ಅಕ್ಕ ಗದರುತ್ತಿದ್ದಳು. ಅವಳು ಉರುಳಿದ್ದನ್ನು ಆಯ್ದುಕೊಂಡು ಹೋಗುತ್ತಿದ್ದಳು, ಮರುದಿನ ಮತ್ತೆ ಎಡಕ್ಕೇ ಬರುತ್ತಿದ್ದಳು.

ಈ ವರ್ಷ ಮೊದಲ ಕೊಯ್ಲಿನ ಹೊತ್ತಿಗೆ ಸರಿಯಾಗಿ ತಮ್ಮನ ಹೆಂಡತಿಯ ತಾಯಿ ಮೆಟ್ಟಿಲು ಜಾರಿ ಬಿದ್ದರು. ಅವಳು ತವರಿಗೆ ಹೋಗಿ ಎಂಟು ದಿನ ಇರಬೇಕಾಯಿತು. ಕಲ್ಲಂಗಡಿಯನ್ನು ತಮ್ಮನೇ ಕೊಯ್ದ. ದೊಡ್ಡದೆಲ್ಲ ಹಣ್ಣು ಎಂಬುದು ಅವನ ಸಿದ್ಧಾಂತ. ಅಕ್ಕ ತಟ್ಟಿದಳು, ಗೀರು ಎಳೆದಳು. ಶನಿವಾರ ಬ್ರೆಡ್ಡಿನವನು ಆರು ಹಣ್ಣು ತೆಗೆದುಕೊಂಡ. ಬೇಕರಿ ನಡೆಸುವ ಅವನು ದಿನಾ ಬೆಳಿಗ್ಗೆ ಅಂಗಡಿಗೆ ಬ್ರೆಡ್ ತಂದು ಹಾಕುತ್ತಿದ್ದ ಹಳೆಯ ಪರಿಚಯದವನು. ಮಾರನೆಯ ದಿನ ಅವನ ಮನೆಗೆ ಮಗಳ ಕಡೆಯಿಂದ ಬೀಗರಾಗಲಿದ್ದವರು ಮೊದಲ ಸಲ ಊಟಕ್ಕೆ ಬರುವವರಿದ್ದರು.

ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ಬ್ರೆಡ್ಡಿನವನು ಟ್ರೇ ಇಳಿಸಿ, ಅದರ ಪಕ್ಕದಲ್ಲಿ ಅರ್ಧ ಕಲ್ಲಂಗಡಿ ಇಟ್ಟ. ಒಳಗೆ ಸೌತೆಕಾಯಿಯ ಹಾಗೆ ಬೆಳ್ಳಗಿತ್ತು. ಸಿಪ್ಪೆಯ ಮೇಲೆ ಗೀರು ಅಳಿಸದೆ ಹಾಗೇ ಇತ್ತು. ಆರಕ್ಕೆ ಆರೂ ಹೀಗೇ, ಬೀಗರ ಮುಂದೆ ಒಂದಾದಮೇಲೊಂದು ಕೊಯ್ದೆ ಎಂದ. ಅವನು ಜಗಳಕ್ಕೆ ಬಂದಿರಲಿಲ್ಲ, ಅದೇ ಕಷ್ಟವಾಯಿತು.

"ಒಂದಕ್ಕೆ ಎರಡು ನಂಗೆ ಬೇಡ ಅಕ್ಕ," ಎಂದ. "ಹೀಗ್ಯಾಕಾಯ್ತು, ಅದೊಂದು ಹೇಳಿ."

ಎಲ್ಲರೂ ಅವಳ ಮುಖ ನೋಡಿದರು. ನಾಲಿಗೆಗೆ ಎಲುಬಿಲ್ಲ. ಅದು ಎಲ್ಲಿಗೆ ಹೊರಳಿತು ಎಂದು ಅಕ್ಕನಿಗೆ ಗೊತ್ತಾಗುವಷ್ಟರಲ್ಲಿ ಮಾತು ಹೊರಗೆ ಬಿದ್ದಿತ್ತು.

"ನಾನು ತಟ್ಟಿದ್ದು ಸರಿಯಾಗೇ ಇದೆ. ನನ್ನ ತಮ್ಮನ ಹೆಂಡತಿಗೆ ಎಲ್ಲದಕ್ಕೂ ಅವಸರ. ಸಿಕ್ಕಿದ್ದೆಲ್ಲ ಕೊಯ್ದು, ಗೀರು ತಾನೇ ಎಳೆದು ನಡುವೆ ಸೇರಿಸಿರ್ತಾಳೆ."

ಹೇಳಿದ ಮೇಲೆ ತಿರುಗಿದಳು. ತಮ್ಮನ ಹೆಂಡತಿ ಉಗ್ರಾಣದ ಬಾಗಿಲಲ್ಲಿ ಬೀನ್ಸ್ ಬುಟ್ಟಿ ಹಿಡಿದು ನಿಂತಿದ್ದಳು. ಹಿಂದಿನ ಸಂಜೆಯಷ್ಟೇ ತವರಿನಿಂದ ಬಂದವಳು. ಶನಿವಾರ ಅವಳು ಈ ತೋಟದ ಹತ್ತಿರವೇ ಇರಲಿಲ್ಲವೆಂದು ಅಕ್ಕನಿಗೂ ಗೊತ್ತು, ಅವಳಿಗೂ ಗೊತ್ತು. ಬ್ರೆಡ್ಡಿನವನಿಗೆ ಗೊತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು, ಎಮ್ಮೆ ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳು ಬುಟ್ಟಿ ಕೆಳಗಿಟ್ಟು ಅವನ ಹತ್ತಿರ ಬಂದಳು.

"ತಪ್ಪಾಯ್ತು," ಎಂದಳು. "ಇನ್ನೊಮ್ಮೆ ಹೀಗಾಗಲ್ಲ."

ಅವನು ಅವಳತ್ತ ನೋಡಲೂ ಇಲ್ಲ. ಖಾಲಿ ಟ್ರೇ ಎತ್ತಿಕೊಂಡು ಹೊರಟುಹೋದ. ಅಕ್ಕನ ಮೈ ಕಾಲಿನಿಂದ ತಲೆಯವರೆಗೆ ಬಿಸಿಯಾಯಿತು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರೆ; ಭೂಮಿ ಬಾಯಿ ಬಿಡಲಿಲ್ಲ, ಗಿರಾಕಿ ಬಿಟ್ಟಳು, ಒಂದು ಕಟ್ಟು ಈರುಳ್ಳಿ ಕೊಡಿ ಎಂದು. ಕೊಟ್ಟಳು. ಮಧ್ಯಾಹ್ನದವರೆಗೆ ಯಾರು ಏನು ಕೇಳಿದರೂ ಕೊಟ್ಟಳು. ಊಟದ ಹೊತ್ತಿಗೆ ತಟ್ಟೆಯ ಮುಂದೆ ಕೂತು, ಬಡಿಸುವ ಕೈ ಯಾರದು ಎಂದು ನೆನಪಾಗಿ, ಎರಡು ತುತ್ತಿಗೆ ಎದ್ದುಬಿಟ್ಟಳು.

ಬಿಸಿಲು ಇಳಿಯುವಾಗ ಏನಾದರೂ ಹೇಳಬೇಕೆಂದು ಕಲ್ಲಂಗಡಿ ಹೊಲದ ಕಡೆ ನಡೆದಳು. ಏನು ಹೇಳುವುದೆಂದು ಗೊತ್ತಿರಲಿಲ್ಲ. ತಮ್ಮನ ಹೆಂಡತಿ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದೊಂದೇ ಹಣ್ಣನ್ನು ನಿಧಾನವಾಗಿ ಹೊರಳಿಸಿ, ನೆಲಕ್ಕೆ ತಾಗಿದ ಹೊಟ್ಟೆಯ ಬಣ್ಣ ನೋಡುತ್ತಿದ್ದಳು. ತೊಟ್ಟಿನ ಪಕ್ಕದ ಸುರುಳಿ ಕುಡಿಯನ್ನು ಬೆರಳಲ್ಲಿ ಮುರಿದು ನೋಡುತ್ತಿದ್ದಳು. ಹೊಟ್ಟೆ ಹಳದಿಯಾಗಿ ಕುಡಿ ಒಣಗಿದ್ದರೆ ಮಾತ್ರ ಕತ್ತರಿ ಹಾಕುವಳು, ಇಲ್ಲದಿದ್ದರೆ ಇದ್ದ ಹಾಗೇ ಮಲಗಿಸುವಳು. ಅಕ್ಕ ಬದುವಿನ ಮೇಲೆ ನಿಂತು ನೋಡಿದಳು. ನೋಡುತ್ತ ನೋಡುತ್ತ ಹೋದ ಬೇಸಿಗೆ ಪೂರ್ತಿ ಅವಳಿಗೆ ಅರ್ಥವಾಯಿತು. ಅಂಗಡಿಗೆ ಬರುತ್ತಿದ್ದದ್ದೆಲ್ಲ ಹಣ್ಣೇ ಆಗಿತ್ತು. ಅವಳು ಯಾವುದನ್ನು ತಟ್ಟಿದರೂ ಹಣ್ಣೇ.

"ಯಾವಾಗಿನಿಂದ?" ಎಂದು ಕೇಳಿದಳು.

ತಮ್ಮನ ಹೆಂಡತಿ ಎದ್ದಳು. ಬಳ್ಳಿ ತುಳಿಯದ ಹಾಗೆ ಎರಡು ಸಾಲು ಸುತ್ತಿಕೊಂಡು, ಅಕ್ಕನ ಎಡಗಡೆಗೆ ಬಂದು ನಿಂತಳು.

"ಹೋದ ವರ್ಷದಿಂದ ಅತ್ತಿಗೆ. ತೂಕದ ಮಷೀನು ನಿಮ್ಮ ಬಲಗಡೆಯೇ ಕೂಗ್ತಿತ್ತು, ನೀವು ತಿರುಗಿ ನೋಡ್ಲಿಲ್ಲ. ಊರಿಗೆ ಹೋಗುವಾಗ ಇವರಿಗೂ ಹೇಳಿಯೇ ಹೋಗಿದ್ದೆ, ಹೊಟ್ಟೆ ನೋಡಿ ಕೊಯ್ಯಿರಿ ಅಂತ. ಯಾಕೆ ಅಂತ ಹೇಳ್ಲಿಲ್ಲ, ಅದಕ್ಕೇ ಅವರು ಕಿವಿ ಮೇಲೆ ಹಾಕಿಕೊಳ್ಲಿಲ್ಲ. ತಪ್ಪು ನಂದೇ."

ಎಡಕ್ಕೆ ಬರುತ್ತಿದ್ದದ್ದು ಯಾಕೆಂದು ಕೇಳುವ ಅಗತ್ಯವೇ ಉಳಿಯಲಿಲ್ಲ. ಒಂದು ವರ್ಷದ ಗದರಿಕೆಗಳೆಲ್ಲ ಅಕ್ಕನಿಗೆ ಒಟ್ಟಿಗೆ ನೆನಪಾದವು. ಯಾಕೆ ನನಗೆ ಹೇಳಲಿಲ್ಲ ಎಂದು ಮಾತ್ರ ಕೇಳಿದಳು. ನೀವೇ ಮುಚ್ಚಿಟ್ಟುಕೊಂಡದ್ದನ್ನು ನಾನು ಹೇಗೆ ತೆಗೆಯಲಿ ಎಂದು ಅವಳು ನೆಲ ನೋಡುತ್ತ ಹೇಳಿದಳು. ಕ್ಷಮಿಸು ಎನ್ನಬೇಕಿತ್ತು. ಅಕ್ಕನಿಗೆ ಆ ಪದ ಆಡಿ ಅಭ್ಯಾಸವೇ ಇರಲಿಲ್ಲ. ಕೊಯ್ದ ಹಣ್ಣುಗಳಲ್ಲಿ ಎರಡನ್ನು ಕಂಕುಳಲ್ಲಿ ಇರುಕಿಕೊಂಡು ಮನೆ ಕಡೆ ಹೊರಟಳು.

ಮರುದಿನ ಬೆಳಿಗ್ಗೆ ಬ್ರೆಡ್ಡಿನವನು ಟ್ರೇ ಇಳಿಸುವುದನ್ನೇ ಅವಳು ಕಾಯುತ್ತಿದ್ದಳು. ಅಂಗಡಿಯಲ್ಲಿ ಆಗಲೂ ಐದಾರು ಜನ. ಅಕ್ಕ ಸ್ಟೂಲಿನಿಂದ ಇಳಿದು ನಿಂತಳು.

"ನಿನ್ನೆ ನಾನು ಹೇಳಿದ್ದು ಸುಳ್ಳು," ಎಂದಳು. "ನನ್ನ ಬಲಗಿವಿ ಹೋಗಿ ಒಂದೂವರೆ ವರ್ಷ ಆಯ್ತು. ಸುಮ್ಮನೆ ತಟ್ಟಿ ಗೀರು ಎಳೀತಿದ್ದೆ. ಶನಿವಾರ ಅವಳು ಊರಲ್ಲೇ ಇರ್ಲಿಲ್ಲ."

ಒಬ್ಬ ಗಿರಾಕಿ ಬೋರ್ಡಿನ ಕಡೆ ನೋಡಿ, ನೋಡಿದ್ದಕ್ಕೆ ತಾನೇ ನಾಚಿ ಬೇರೆ ಕಡೆ ನೋಡಿದ. ಹೇಳಿ ಮುಗಿಯಿತಲ್ಲ ಎಂದು ಅಕ್ಕನ ಎದೆ ಸ್ವಲ್ಪ ಹಗುರವಾಯಿತು. ಬ್ರೆಡ್ಡಿನವನು ಏನೋ ಅಂದ. ಅವನು ಬಲಗಡೆ ನಿಂತಿದ್ದ, ಅಷ್ಟೇ ಗೊತ್ತಾಯಿತು. ಹಳೆಯ ಅಭ್ಯಾಸದಿಂದ ಹೂಂ ಎನ್ನಲು ಹೋದವಳು ತಡೆದುಕೊಂಡು, ಈ ಕಡೆ ಬಂದು ಹೇಳಿ, ಆ ಕಿವಿ ಕೇಳಿಸಲ್ಲ ಎಂದಳು.

ಅವನು ಬೀನ್ಸ್ ಬುಟ್ಟಿ ದಾಟಿಕೊಂಡು ಎಡಕ್ಕೆ ಬಂದ.

"ನಿನ್ನೆ ಅವರು ಇಲ್ಲೇ ನಿಂತಿದ್ರು ಅಲ್ವಾ ಅಕ್ಕ? ಇವತ್ತು ಎಲ್ಲಿ?"

ತಮ್ಮನ ಹೆಂಡತಿ ಹೊಲದಲ್ಲಿದ್ದಳು. ಈ ಹೊತ್ತಿಗೆ ಅವಳು ಹೊಲದಲ್ಲೇ ಇರುತ್ತಾಳೆಂದು ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೇ ಈ ಹೊತ್ತನ್ನು ಆರಿಸಿಕೊಂಡೆನೇ ಎಂದು ಕೇಳಿಕೊಂಡರೆ, ಹೌದು ಎನ್ನುವ ಉತ್ತರ ಒಳಗಿನಿಂದ ಕೂಡಲೇ ಬಂತು. ಅದನ್ನು ಕೇಳಲು ಯಾವ ಕಿವಿಯೂ ಬೇಕಿರಲಿಲ್ಲ. ಬೈದದ್ದು ಅವಳೆದುರಿಗೆ, ಒಪ್ಪಿಕೊಂಡದ್ದು ಅವಳ ಬೆನ್ನ ಹಿಂದೆ.

"ಯಾರೂ ಹೋಗ್ಬೇಡಿ," ಎಂದಳು. "ಐದು ನಿಮಿಷ ನಿಲ್ಲಿ."

ಅಂಗಡಿ ಬಿಟ್ಟು ಸೌತೆ ಚಪ್ಪರದ ಪಕ್ಕದಲ್ಲಿ ಏದುಸಿರು ಬಿಡುತ್ತ ನಡೆದಳು. ತಮ್ಮನ ಹೆಂಡತಿ ಮಣ್ಣು ಕೈಯಲ್ಲೇ ಎದ್ದು ಏನಾಯಿತೆಂದು ಕೇಳಿದಳು. ಅಕ್ಕ ಅವಳ ಮಣಿಕಟ್ಟು ಹಿಡಿದು ಕರೆತಂದಳು. ಅಷ್ಟೂ ಜನ ಹಾಗೇ ನಿಂತಿದ್ದರು. ಬ್ರೆಡ್ಡಿನವನು ಟೋಪಿ ಕೈಯಲ್ಲಿ ಹಿಡಿದುಕೊಂಡಿದ್ದ. ಅಕ್ಕ ಅವಳನ್ನು ಬಾಗಿಲ ಬಳಿ, ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿ, ಅದೇ ಮಾತುಗಳನ್ನು ಮೊದಲಿನಿಂದ ಹೇಳಲು ಬಾಯಿ ತೆರೆದಳು. ಈ ಸಲ ಧ್ವನಿ ಅರ್ಧಕ್ಕೇ ಒಡೆಯಿತು. ತಮ್ಮನ ಹೆಂಡತಿ ಸಾಕು ಅತ್ತಿಗೆ ಎನ್ನುತ್ತ, ಬುಟ್ಟಿಗಳನ್ನು ಸರಿಸಿಕೊಂಡು ಎಡಕ್ಕೆ ಬರಲು ನೋಡಿದಳು. ಅಕ್ಕ ಅವಳ ಕೈ ಬಿಡಲಿಲ್ಲ. ಅಲ್ಲೇ ನಿಲ್ಲು, ಇನ್ನೂ ಮುಗಿದಿಲ್ಲ ಎಂದು ಹೇಳಿ, ಕೊನೆಯವರೆಗೆ ಹೇಳಿದಳು.