ಫ್ಯೂಸಿಗೆ ಸುತ್ತಿದ ಬೇಗಡೆ

ಜನ್ಮದಲ್ಲಿ ಒಂದೂ ಸಿಗರೇಟು ಸೇದದ ನಾನು ಬೀಡಾ ಅಂಗಡಿಯ ಮುಂದೆ ನಿಂತು ಖಾಲಿ ಸಿಗರೇಟು ಪ್ಯಾಕು ಕೇಳಿ ಪಡೆಯುತ್ತಿದ್ದೆ ಎಂದರೆ ನೀವು ನಗಬಹುದು. ನನಗೆ ಬೇಕಾಗಿದ್ದುದು ಅದರೊಳಗಿನ ಬೆಳ್ಳಿಬಣ್ಣದ ಬೇಗಡೆ ಕಾಗದ. ನಮ್ಮ ಕಡೆ ಹಳೇ ಕಾರು ಸಾಕಿಕೊಂಡವರಿಗೆ ಅದು ಮನೆಮದ್ದು. ಫ್ಯೂಸ್ ಹೋಯಿತೋ, ಸುಟ್ಟ ಫ್ಯೂಸಿನ ಕಾಲಿಗೆ ಚೂರು ಬೇಗಡೆ ಸುತ್ತಿ, ಇದ್ದ ಜಾಗಕ್ಕೇ ಒತ್ತಿ, ಕೈ ಒರೆಸಿಕೊಂಡು ಹೊರಟರಾಯಿತು. ಹೊಸದುರ್ಗದಿಂದ ಹಿರಿಯೂರಿನವರೆಗೆ ಹೀಗೆ ಓಡಾಡುವ ಗಾಡಿಗಳು ಎಷ್ಟಿವೆಯೋ ದೇವರಿಗೇ ಗೊತ್ತು.

ಉಳಿದವರು ಮಾಡಿದರೆ ತಿಳಿಯದೆ ಮಾಡಿದರು ಎನ್ನಬಹುದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು. ಫ್ಯೂಸಿನ ಪಾಠ ಬಂದಾಗಲೆಲ್ಲ ನಾನು ಪುಸ್ತಕ ಮಡಿಸಿಟ್ಟು ಕೆರೆಯ ಕತೆ ಹೇಳುತ್ತಿದ್ದೆ. ಕೆರೆ ಕಟ್ಟಿಸಿದ ಹಿರಿಯರು ಏರಿಯನ್ನು ಎಷ್ಟು ಗಟ್ಟಿ ಮಾಡಿದರೂ ಒಂದು ಕಡೆ ತಗ್ಗು ಬಿಟ್ಟು ಕೋಡಿ ಮಾಡುತ್ತಿದ್ದರು. ನೀರು ಹೆಚ್ಚಾದರೆ ಅಲ್ಲಿ ಹರಿದುಹೋಗಲಿ, ಏರಿ ಉಳಿಯಲಿ ಎಂದು. ನಾನಾಗ ಕೆಲಸದಲ್ಲಿದ್ದ ಭೀಮಸಮುದ್ರದ ಮಕ್ಕಳು ಕೆರೆ ನೋಡುತ್ತಲೇ ಬೆಳೆದವರು, ಅವರಿಗೆ ಇದು ತಟ್ಟನೆ ತಿಳಿಯುತ್ತಿತ್ತು. ಫ್ಯೂಸೂ ಹಾಗೆಯೇ ಕಣ್ರೋ, ತಾನು ಸುಟ್ಟು ಉಳಿದದ್ದನ್ನು ಉಳಿಸುತ್ತದೆ, ಕೋಡಿಗೆ ಕಲ್ಲು ಹೇರಿದವನು ಊರನ್ನೇ ಮುಳುಗಿಸುತ್ತಾನೆ ಎಂದು ಮೇಜು ಕುಟ್ಟಿ ಹೇಳುತ್ತಿದ್ದೆ. ಇದಕ್ಕೆ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರೊಬ್ಬರು ತಲೆದೂಗಿದ್ದೂ ಉಂಟು.

ನನ್ನ ಕಾರಿನ ಹಾರ್ನಿನ ಫ್ಯೂಸ್ ಪದೇ ಪದೇ ಹೋಗತೊಡಗಿದಾಗ ನಾನು ಕೋಡಿಗೆ ಬೇಗಡೆ ತುಂಬಿದೆ. ಸದ್ಯಕ್ಕೆ ಇರಲಿ, ಆಮೇಲೆ ನೋಡಿದರಾಯಿತು ಎಂದುಕೊಂಡೆ. ನಮ್ಮ ನಾಡಿನಲ್ಲಿ ಸದ್ಯಕ್ಕೆ ಮಾಡಿದ ಕೆಲಸಕ್ಕೆ ಇರುವಷ್ಟು ಆಯುಸ್ಸು ಇನ್ನಾವುದಕ್ಕೂ ಇಲ್ಲ. ನನ್ನ ಬೇಗಡೆ ಹನ್ನೊಂದು ತಿಂಗಳು ಬಾಳಿತು. ಕೊನೆಕೊನೆಗೆ ಹಾರ್ನಿನ ಗಂಟಲು ಕಟ್ಟಿತೆಂದು ಹೊಳಲ್ಕೆರೆಯ ಕಾರ್ ಎಲೆಕ್ಟ್ರಿಷಿಯನ್ ತಿಪ್ಪೇಸ್ವಾಮಿಯ ಹತ್ತಿರ ಹೋಗಿ ಹೊಸ ಹಾರ್ನ್ ಹಾಕಿಸಿದೆ. ಅವನು ಫ್ಯೂಸ್ ಪೆಟ್ಟಿಗೆಯ ಮುಚ್ಚಳಕ್ಕೆ ಕೈಹಾಕಿದಾಗ, ಅದೆಲ್ಲ ಸರಿಯಿದೆ ಬಿಡಪ್ಪ ಎಂದು ನಾನೇ ತಡೆದೆ. ಮೇಷ್ಟ್ರ ಬೇಗಡೆ ಬಯಲಾಗುವುದು ಬೇಡವಾಗಿತ್ತು.

ಅದಾದ ವಾರಕ್ಕೆ ನಾನೂ ನನ್ನ ಹೆಂಡತಿ ಗಿರಿಜೆಯೂ ಚಿತ್ರದುರ್ಗಕ್ಕೆ ಒಂದು ಗೃಹಪ್ರವೇಶಕ್ಕೆ ಹೊರಟೆವು. ಹೊಳಲ್ಕೆರೆ ಇನ್ನೂ ಎರಡು ಮೈಲಿ ಇದೆ ಎನ್ನುವಾಗ ಸುಟ್ಟ ವಾಸನೆ ಬಂತು. ಹಾರ್ನ್ ತಾನಾಗಿ ಅರಚತೊಡಗಿತು. ಗಾಡಿ ನಿಲ್ಲಿಸಿ ಮೊದಲು ಇಳಿದವನು ನಾನು, ಇದನ್ನೂ ಹೇಳಿಬಿಡಬೇಕು. ಬಾನೆಟ್ ಎತ್ತಿದೆ, ಬ್ಯಾಟರಿ ಬಿಚ್ಚಲು ಸ್ಪ್ಯಾನರ್ ಇಲ್ಲ. ಒಳಗೆ ಹೊಗೆ. ಗಿರಿಜೆಯ ಕಾಲ ಹತ್ತಿರ ವೈರಿನ ಕಟ್ಟು ಉರಿಯುತ್ತ ಜೋತುಬಿದ್ದಿತ್ತು. ಆ ವೈರ್ ಎಳಿ, ಎಳಿ ಎಂದು ಹೊರಗಿನಿಂದ ಕೂಗಿದೆ. ಮೇಷ್ಟ್ರು ಹೇಳಿದ್ದು ಸರಿಯಿರಬೇಕೆಂದು ಅವಳು ಬರಿಗೈಯಲ್ಲಿ ಎಳೆದಳು. ಕಟ್ಟು ಕಿತ್ತು ಬಂತು, ಹಾರ್ನ್ ನಿಂತಿತು, ಬೆಂಕಿಯೂ ಆರಿತು. ಕರಗಿದ ಪ್ಲಾಸ್ಟಿಕ್ ಮಾತ್ರ ಅವಳ ಅಂಗೈಗೆ ಮೆತ್ತಿಕೊಂಡು ಉಳಿಯಿತು.

ಅವಳ ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದರು. ಅದೇ ಕೈಯಲ್ಲಿ ಅವಳು ಬಿಸಿ ಮುದ್ದೆ ಕಟ್ಟುತ್ತಿದ್ದಳು.

ಹೇಗಾಯಿತು ಎಂದು ಆಸ್ಪತ್ರೆಯಲ್ಲಿ ಯಾರೋ ಕೇಳಿದರು. ಹೋದ ವಾರ ಹೊಳಲ್ಕೆರೆಯ ತಿಪ್ಪೇಸ್ವಾಮಿ ಹೊಸ ಹಾರ್ನ್ ಹಾಕಿದ್ದ, ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ ನೋಡಿ. ಉಳಿದದ್ದನ್ನು ಕೇಳಿದವರೇ ತುಂಬಿಕೊಂಡರು, ನಾನು ಬೇಡವೆನ್ನಲಿಲ್ಲ. ಆಮೇಲೆ ವಾಕಿಂಗಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಕೇಳಿದವರಿಗೆಲ್ಲ ಅದೇ ವಾಕ್ಯ ಒಪ್ಪಿಸಿದೆ. ಗಿರಿಜೆಯೂ ನಂಬಿದಳು. ಗಾಯದ ಬಟ್ಟೆ ಬಿಚ್ಚುವಾಗಲೆಲ್ಲ ಹಲ್ಲು ಕಚ್ಚಿಕೊಂಡು ಅವನಿಗೆ ಶಾಪ ಹಾಕುತ್ತಿದ್ದಳು. ಅವಳ ಮೊಣಕೈ ಹಿಡಿದುಕೊಂಡು ನಾನು ಕೇಳುತ್ತ ಕೂರುತ್ತಿದ್ದೆ. ಅಷ್ಟು ಹೇಡಿಯಾಗಿ ನಾನು ಹಿಂದೆಂದೂ ಬದುಕಿರಲಿಲ್ಲ.

ಮಾತು ತಿಪ್ಪೇಸ್ವಾಮಿಗೆ ಮುಟ್ಟದೆ ಇರುತ್ತದೆಯೇ? ಒಂದು ದಿನ ಅವನೇ ಟ್ರ್ಯಾಕ್ಟರ್ ಮಾಡಿಕೊಂಡು ಬಂದ. ತಾನು ಎಲ್ಲಿ ತಪ್ಪಿದೆನೆಂದು ನೋಡದೆ ಅನ್ನ ಸೇರುತ್ತಿಲ್ಲ, ಗಾಡಿ ಕೊಡಿ, ರಿಪೇರಿಯನ್ನೂ ತಾನೇ ಮಾಡುತ್ತೇನೆ ಎಂದ. ಗಿರಿಜೆ ಬಾಗಿಲಿಗೂ ಬರಲಿಲ್ಲ. ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದ.

ನಾಲ್ಕು ದಿನ ಬಿಟ್ಟು ನಾನು ಅವನ ಶೆಡ್ಡಿಗೆ ಹೋದೆ. ಮುಂದೆ ಯಾವಾಗಲೂ ನಿಂತಿರುತ್ತಿದ್ದ ಜೀಪುಗಳು ಪಕ್ಕದ ರಿಪೇರಿ ಅಂಗಡಿಯ ಮುಂದೆ ನಿಂತಿದ್ದವು. ನನ್ನ ಕಾರೊಂದೇ ಡ್ಯಾಶ್‌ಬೋರ್ಡ್ ಕಳಚಿ ನಿಂತಿತ್ತು. ಸುಟ್ಟ ವೈರುಗಳು ಒಂದಕ್ಕೊಂದು ಅಂಟಿ, ಬಣ್ಣ ಕಳೆದುಕೊಂಡು, ಯಾವುದು ಯಾವುದೆಂದು ತಿಳಿಯದಂತಾಗಿದ್ದವು. ಅವನು ಒಂದೊಂದನ್ನೇ ಬಿಡಿಸಿ, ಎರಡು ತುದಿಗೂ ಟೆಸ್ಟ್ ಲ್ಯಾಂಪ್ ಹಿಡಿದು, ಇದು ದೀಪದ್ದು, ಇದು ವೈಪರಿನದು ಎಂದು ಚೀಟಿ ಕಟ್ಟುತ್ತಿದ್ದ. ಒಂದು ತಂತಿಯನ್ನು ಗೇಣುದ್ದ ಕತ್ತರಿಸಿ ಎಸೆದ. ಇನ್ನೂ ಕತ್ತರಿಸಿದ. ಅಷ್ಟೇಕೆ ಕತ್ತರಿಸುತ್ತೀಯ ಎಂದು ಕೇಳಿದೆ.

"ಕರ್ರಗಾದ ತಾಮ್ರಕ್ಕೆ ಬೆಸುಗೆ ಹಿಡಿಯಲ್ಲ ಸಾರ್. ಕೆಂಪು ಕಾಣೋ ತನಕ ಕತ್ತರಿಸ್ತಾ ಹೋಗ್ಬೇಕು."

ಆಮೇಲೆ ಜೇಬಿನಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟ. ಕರಕಲಾದ ಫ್ಯೂಸು, ಅದರ ಕಾಲಿಗೆ ಬೇಗಡೆ. ಸ್ಟಿಯರಿಂಗಿನ ಕೆಳಗೆ ಹಾರ್ನಿನ ವೈರು ತಗಡಿಗೆ ಉಜ್ಜಿ ಉಜ್ಜಿ ಸವೆದಿತ್ತಂತೆ. ಫ್ಯೂಸ್ ಅಂದು ಪದೇ ಪದೇ ಸುಟ್ಟು ಅದನ್ನೇ ಹೇಳುತ್ತಿತ್ತು.

"ಇದು ನಂದಲ್ಲ ಸಾರ್," ಎಂದ, ಪಕ್ಕದ ಅಂಗಡಿಯವರಿಗೆ ಕೇಳದ ಹಾಗೆ.

ನನ್ನ ಮನಸ್ಸು ಆಗಲೂ ಇನ್ನೊಬ್ಬ ಮೆಕ್ಯಾನಿಕ್ಕಿನ ಹೆಸರು ಹುಡುಕಿತು. ಮನುಷ್ಯ ಎಂಥ ಪ್ರಾಣಿ ನೋಡಿ. ನಾಲಿಗೆ ತುದಿಗೆ ಬಂದ ಹೆಸರನ್ನು ನುಂಗಿ, ನಂದೇ ಕಣಪ್ಪ, ಎಂದೆ. ಅವನು ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. "ಅಮ್ಮಾರಿಗೆ ಹೇಳ್ರಿ ಸಾರ್. ಊರಿನವರು ಏನಾರ ಅಂದ್ಕಳ್ಳಿ, ಆ ತಾಯಿ ಶಾಪ ಮಾತ್ರ ನಂಗೆ ಬ್ಯಾಡ. ನಂದೂ ಕೈ ಕೆಲಸ," ಎಂದು ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ.

ಮನೆಗೆ ಬಂದು ಪೊಟ್ಟಣವನ್ನು ಗಿರಿಜೆಯ ಮುಂದಿಟ್ಟು ಎಲ್ಲ ಹೇಳಿದೆ. ಅವಳು ಎಡಗೈಯಲ್ಲಿ ಪೊಟ್ಟಣ ಬಿಚ್ಚಿ ಬೇಗಡೆ ನೋಡಿದಳು. "ಕೈ ಹೋದ್ರೆ ಹೋಯ್ತು. ಮಾಡದ ತಪ್ಪಿಗೆ ಅವನನ್ನ ನನ್ನ ಬಾಯಿಂದ ಬಯ್ಯಿಸಿದ್ರಲ್ಲ," ಎಂದಳು. ಎರಡು ದಿನ ನನ್ನೊಡನೆ ಮಾತಿಲ್ಲ. ಮೂರನೆಯ ದಿನ ಸೀರೆ ಉಟ್ಟು ನಿಂತು, ಹೊಳಲ್ಕೆರೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಶೆಡ್ಡಿನ ಮುಂದೆ, ಅಕ್ಕಪಕ್ಕದ ಅಂಗಡಿಯವರೆಲ್ಲ ನೋಡುತ್ತಿರುವಾಗ, ಅವಳು ತಿಪ್ಪೇಸ್ವಾಮಿಗೆ ಕೈಮುಗಿದಳು. ಎಡಗೈ ಪೂರ್ತಿ ನೆಟ್ಟಗಿತ್ತು. ಬಲಗೈಯ ಎರಡು ಬೆರಳು ಅದರ ಜೊತೆ ಕೂಡಲಾರದೆ ಹೊರಗೆ ಚಾಚಿಕೊಂಡಿದ್ದವು. ಮುಗಿಯಬೇಕಾದ ಕೈ ನನ್ನದು. ಅದು ತಿಳಿಯುವಷ್ಟರಲ್ಲಿ ಅವಳು ಮುಗಿದಾಗಿತ್ತು. ನಾನು ಮಾಡಿದ್ದೆಂದರೆ ಪಕ್ಕದ ಅಂಗಡಿಗೆ ಹೋಗಿ, ಜೀಪಿನವರನ್ನೆಲ್ಲ ಕರೆದು, ಬೇಗಡೆ ಸುತ್ತಿದ ಕತೆಯನ್ನು ಮೊದಲಿನಿಂದ ಹೇಳಿದ್ದು. ಅದು ಮೇಷ್ಟ್ರಾಗಿ ನಾನು ಮಾಡಿದ ಕಡೆಯ ಪಾಠ.

ಕಾರು ಈಗ ಓಡುತ್ತದೆ. ಮನೆಯಲ್ಲಿ ಮುದ್ದೆ ನಾನೇ ಕಟ್ಟುತ್ತೇನೆ. ಅವು ದುಂಡಗಾಗುವುದಿಲ್ಲ, ಅವಳು ಆಡಿಕೊಳ್ಳದೆ ತಿನ್ನುತ್ತಾಳೆ. ಅದೇ ನನಗೆ ಹೆಚ್ಚು ಕಷ್ಟ.

ಮೊನ್ನೆ ಹಾಲುರಾಮೇಶ್ವರ ದೇವಸ್ಥಾನಕ್ಕೆ ಹೋಗುವಾಗ ದಾರಿ ತುಂಬ ಕುರಿಮಂದೆ. ಹಾರ್ನ್ ಒತ್ತಿದೆ, ಕೂಗಲಿಲ್ಲ. ನಿಲ್ಲಿಸಿ ನೋಡಿದರೆ ಫ್ಯೂಸ್ ಹೋಗಿತ್ತು. ಕಾರಿನಲ್ಲಿಟ್ಟುಕೊಂಡ ಡಬ್ಬಿಯಲ್ಲಿ ಹೊಸ ಫ್ಯೂಸ್ ಇದ್ದರೂ, ಯಾಕೆ ಹೋಯಿತೆಂದು ತಿಪ್ಪೇಸ್ವಾಮಿ ನೋಡುವವರೆಗೆ ಹಾಕುವ ಧೈರ್ಯ ಬರಲಿಲ್ಲ. ಏನು ಮಾಡೋಣ ಎಂಬಂತೆ ಗಿರಿಜೆಯ ಮುಖ ನೋಡಿದೆ.

"ಹಂಗೇ ಹೋಗಾಣ ನಡೀರಿ," ಎಂದಳು. ಎಡಗಡೆಯ ಕಿಟಕಿಗೆ ಪೂರ್ತಿ ಹೊರಳಿ ಬಲಗೈ ಹೊರಗೆ ಹಾಕಿ, ಮಡಚದ ಆ ಎರಡು ಬೆರಳಿನಿಂದ ಬಾಗಿಲ ತಗಡನ್ನು ಟಕ ಟಕ ಬಡಿಯತೊಡಗಿದಳು. ಕುರಿಗಳು ದಾರಿ ಬಿಟ್ಟವು. ದೇವಸ್ಥಾನ ಮುಟ್ಟುವವರೆಗೂ ನನ್ನ ಕಿವಿಯಲ್ಲಿ ಆ ಸದ್ದೊಂದೇ ಇತ್ತು.