ಚುಕ್ಕೆ ಬೀಳದ ಎರಡು ಸಾಲು

ವಹಿಯಲ್ಲಿ ಪ್ರತಿ ಸಾಲಿನ ಮುಂದೆ ಕೆಂಪು ಶಾಯಿಯ ಒಂದು ಚುಕ್ಕೆಯಿತ್ತು. ಕೊನೆಯ ಎರಡು ಸಾಲುಗಳಿಗೆ ಮಾತ್ರ ಚುಕ್ಕೆ ಬಿದ್ದಿರಲಿಲ್ಲ.

ಆ ವಹಿ ಹಳಿಯಾಳದ ಜಂಗಲ್ ಕಚೇರಿಯ ಹಿರಿಯ ಕಾರಕೂನರದು. ಅಪ್ಪನ ಪರಿಚಯದವರಾದ್ದರಿಂದ ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ದಾಂಡೇಲಿಯಿಂದ, ಜೋಯಿಡಾದ ಕಡೆಯ ಕ್ಯಾಂಪುಗಳಿಂದ ಬಿಳಿಯ ಸಾಹೇಬರು ಬರೆದು ಕಳಿಸುತ್ತಿದ್ದ ಚೀಟಿಗಳಲ್ಲಿ ಚಂದದ ಮಾತು ಕಂಡರೆ ಅವರು ಅದನ್ನು ವಹಿಗೆ ಇಳಿಸಿಕೊಳ್ಳುತ್ತಿದ್ದರು. ತಾವು ಎಲ್ಲಿಯಾದರೂ ಬಳಸಿದ ದಿನ ಅದಕ್ಕೊಂದು ಚುಕ್ಕೆ. ಈ ಕಡೆಯ ಕಾರಕೂನರು ಇಂಗ್ಲಿಷ್ ಕಲಿತದ್ದೇ ಹಾಗೆ. ಪುಸ್ತಕದಿಂದಲ್ಲ, ಮೇಲಿನಿಂದ ಬಂದ ಹುಕುಮುಗಳಿಂದ.

ಆ ವಹಿಯನ್ನು ನಾನು ಮೊದಲ ಸಲ ಕಂಡದ್ದು ಕನ್ಯಾಶಾಲೆಯ ಕಮಿಟಿಯ ಮುಂದೆ. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದು, ಇಂಗ್ಲಿಷ್ ಕಲಿಸುವ ಜಾಗಕ್ಕೆ ಅರ್ಜಿ ಹಾಕಿದ್ದೆ. ಅದು ಸಿಗದಿದ್ದರೆ ಮುಂಡಗೋಡಿನ ಸೋದರಮಾವನ ಮನೆಗೆ ಹೋಗಿ ಅವರ ಮಕ್ಕಳನ್ನು ನೋಡಿಕೊಂಡಿರಬೇಕೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಕಾಕಾ ಕಮಿಟಿಯ ಕಾರ್ಯದರ್ಶಿ. ನನ್ನ ಅರ್ಜಿಯನ್ನು ನನ್ನ ಕೈಗೇ ಕೊಟ್ಟು, ನಿಂತು ಗಟ್ಟಿಯಾಗಿ ಓದೆಂದರು. ಏಳು ವಾಕ್ಯ ಓದಿ ಮುಗಿಸಿದೆ.

“ಆತೇನು?”

“ಆತ್ರಿ.”

“ನಾಲ್ಕನೇ ಇಯತ್ತೆ ಹುಡುಗೀನೂ ಇಷ್ಟು ಬರೀತಾಳ ತಂಗಿ. ಇಂಗ್ಲಿಷ್ ಅಂದ್ರ ಈಡಿಯಮ್ ಇರಬೇಕು. ಇದು ಉಪ್ಪಿಲ್ಲದ ಸಾರು.”

ವಹಿ ತೆಗೆದು, ಕನ್ನಡಕ ಏರಿಸಿ, ಮೂರು ಸಾಲು ಓದಿ ತೋರಿಸಿದರು. ಇಂಗ್ಲಿಷ್ ಬಾರದ ಮೆಂಬರರೇ ಹೆಚ್ಚು ತಲೆದೂಗಿದರು.

“ಧಾರವಾಡಕ್ಕ ಹೋಗಿ ಬರೇ ಪೇಢೆ ತಿಂದು ಬಂದಾಳ ಅನ್ರಿ,” ಎಂದರೊಬ್ಬರು. ಎಲ್ಲರೂ ನಕ್ಕರು. ಜಾಗವನ್ನು ಖಾಲಿ ಬಿಟ್ಟರು. ನಾನು ಅರ್ಜಿಯನ್ನು ನಾಲ್ಕಾಗಿ ಮಡಚಿ ಮನೆಗೆ ತಂದು ಟ್ರಂಕಿನಲ್ಲಿಟ್ಟೆ. ಹರಿದು ಹಾಕಲಿಲ್ಲ.

ಮೂರು ತಿಂಗಳ ಮೇಲೆ, ನನ್ನನ್ನು ಮುಂಡಗೋಡಿಗೆ ಕಳಿಸಲು ಇನ್ನೂ ದಿನ ಗೊತ್ತಾಗದಿದ್ದಾಗ, ಒಂದು ಮಧ್ಯಾಹ್ನ ಕಾಕಾ ನಮ್ಮ ಪಡಸಾಲೆಗೆ ಬಂದು ಕುಳಿತರು. ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಜಾಗ ಖಾಲಿಯಾಗಿತ್ತು. ದಾಂಡೇಲಿಗೆ ಹೊಸ ಸಾಹೇಬ ಬಂದಿದ್ದ. ಅವನಿಗೆ ಕೊಡಲು ಬರೆದ ಅರ್ಜಿ ಕಾಕಾನ ಕೈಯಲ್ಲಿತ್ತು.

“ಆಫೀಸಿನ ಮಂದಿಗೆ ತೋರ್ಸಿದ್ರ ನಾಳೆ ಅವರೂ ಇದನ್ನ ಬರ್ಕೊಂಡು ಹೋಗ್ತಾರ. ನೀ ಬರೇ ಸ್ಪೆಲಿಂಗ್ ನೋಡು. ಭಾಷಾದ ಉಸಾಬರಿ ನಿನಗ ಬ್ಯಾಡ.”

ತಾಳೆ ನೋಡಲೆಂದು ವಹಿಯನ್ನೂ ಪಕ್ಕದಲ್ಲಿ ಬಿಚ್ಚಿಟ್ಟರು. ಚುಕ್ಕೆ ಬೀಳದ ಆ ಎರಡು ಸಾಲು ಕಂಡದ್ದು ಆಗ. ಒಳ್ಳೆಯ ಸಮಯಕ್ಕೆಂದು ತೆಗೆದಿಟ್ಟಿದ್ದ ಅವೆರಡೂ ಈಗ ಅರ್ಜಿಯಲ್ಲಿದ್ದವು. ಒಂದು, ‘ಪುಲ್ ಅಪ್ ಯುವರ್ ಸಾಕ್ಸ್’. ಕಾಲುಚೀಲ ಮೇಲೆಳೆದುಕೋ, ಅಂದರೆ ಮೈಗಳ್ಳತನ ಬಿಟ್ಟು ಕೆಲಸಕ್ಕೆ ನಿಲ್ಲು ಎಂದು. ಇನ್ನೊಂದು, ‘ಐ ಶಲ್ ಕೀಪ್ ಆ್ಯನ್ ಐ ಆನ್ ಯು’, ನಿನ್ನ ಮೇಲೆ ಒಂದು ಕಣ್ಣಿಟ್ಟಿರುತ್ತೇನೆ. ಸಾಹೇಬರು ದಯಮಾಡಿ ಮೊದಲನೆಯದನ್ನು ಮಾಡಿ ಕಾಕಾನ ಬಡ್ತಿಯ ವಿಷಯ ಮುಗಿಸಬೇಕೆಂದೂ, ಅಲ್ಲಿಯವರೆಗೆ ಕಾಕಾ ಎರಡನೆಯದನ್ನು ಮಾಡುತ್ತಿರುವುದಾಗಿಯೂ ಅದರಲ್ಲಿ ಬರೆದಿತ್ತು.

ಎರಡರ ಅರ್ಥವೂ ಅವರಿಗೆ ಸರಿಯಾಗಿಯೇ ಗೊತ್ತಿತ್ತು. ಗೊತ್ತಿಲ್ಲದ್ದು ಇಷ್ಟೇ: ಇಂಥ ಮಾತು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಕೆಳಗಿನಿಂದ ಮೇಲಕ್ಕೆ ಏರುವುದಿಲ್ಲ. ಯಾರಿಗೆ ‘ಬಾ’, ಯಾರಿಗೆ ‘ಬರ್ರಿ’ ಅನ್ನಬೇಕೆಂದು ನಮ್ಮಲ್ಲಿ ತೊದಲು ಮಾತಿನ ಕೂಸಿಗೂ ತಿಳಿದಿದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯು’ ಇರುವುದನ್ನು ಕಂಡು, ಆ ಭಾಷೆಯಲ್ಲಿ ಏರುತಗ್ಗೇ ಇಲ್ಲವೆಂದು ಕಾಕಾ ನಂಬಿದ್ದರು.

ನಾನು ಪೆನ್ಸಿಲ್ ಹಿಡಿದು ಮೂರು ಸ್ಪೆಲಿಂಗ್ ತಿದ್ದಿದೆ. ಹೇಳಲು ಬೇಕಾದಷ್ಟು ಹೊತ್ತಿತ್ತು. ಅವ್ವ ಚಹಾ ತಂದಳು, ಅವರು ಬಸಿ ತಟ್ಟೆಗೆ ಹಾಕಿಕೊಂಡು ಸಾವಕಾಶವಾಗಿ ಕುಡಿದರು.

“ಮತ್ತೇನರ ತಪ್ಪು?”

“ಸ್ಪೆಲಿಂಗ್ ತಪ್ಪು ಇನ್ನಿಲ್ರಿ ಕಾಕಾ.”

ಅದು ಸುಳ್ಳಲ್ಲ. ಹೋಗುವಾಗ ಅವರು ನನ್ನದೇ ಶಾಯಿಯಲ್ಲಿ ಎರಡೂ ಸಾಲುಗಳಿಗೆ ಚುಕ್ಕೆ ಇಟ್ಟರು. ಅದು ಕಪ್ಪು ಶಾಯಿ.

ಹತ್ತು ದಿನ ಕಾದೆ. ಕಾಯುವುದು ಕಷ್ಟವಾಗಲಿಲ್ಲ. ಹನ್ನೊಂದನೆಯ ದಿನ ಸಂಜೆ ಕಾಕಾ ಬಂದರು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕುಳಿತರು. ಟೋಪಿ ತೊಡೆಯ ಮೇಲಿತ್ತು.

“ಸಾಹೇಬ ದಾಂಡೇಲಿಗೆ ಕರಿಸಿದ್ದ. ಎಲ್ಲಾರ ಮುಂದ ನನ್ನ ಕಡೆಯಿಂದನ ಓದಿಸಿದ. ಗಟ್ಟಿಯಾಗಿ. ಆಮ್ಯಾಲೆ, ಇದನ್ನ ಯಾರು ಯಾರಿಗೆ ಹೇಳಾಕತ್ತಾರ ಅಂತ ಕೇಳಿದ. ಆ ಜಾಗಾ ಕಾರವಾರದವನಿಗೆ ಹೋತು.” ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, “ನೀ ಓದಿದ್ದಿ ಅಲ್ಲಾ? ನಿನಗ ತಿಳೀಲಿಲ್ಲೇನು?”

“ತಿಳೀತ್ರಿ.”

“ಮತ್ತ ಯಾಕ ಹೇಳಲಿಲ್ಲ?”

“ಭಾಷಾದ ಉಸಾಬರಿ ಬ್ಯಾಡ ಅಂದಿದ್ರಿ. ನಂದು ಉಪ್ಪಿಲ್ಲದ ಸಾರು.”

ಅವರು ಟೋಪಿ ಹಾಕಿಕೊಂಡು ಎದ್ದರು. ಬೀದಿಯ ತಿರುವಿನವರೆಗೂ ಅವರ ಬೆನ್ನು ನೋಡುತ್ತ ನಿಂತಿದ್ದೆ. ಮರುಕ ಬರಬಹುದೇನೋ ಎಂದು ಕಾದೆ, ಬರಲಿಲ್ಲ.

ಇಂಗ್ಲಿಷ್ ಕಲಿಯುವವರು ನನ್ನನ್ನು ಕೇಳಿದರೆ ಇಷ್ಟನ್ನು ಹೇಳುತ್ತೇನೆ. ಬೆಡಗಿನ ಮಾತು ಕಿವಿಗೆ ಬಿದ್ದರೆ ಅದರ ಅರ್ಥದ ಜೊತೆಗೆ ಯಾರು ಯಾರಿಗೆ ಅಂದರು, ಯಾವ ಮುಖ ಮಾಡಿಕೊಂಡು ಅಂದರು ಎಂಬುದನ್ನೂ ಬರೆದಿಟ್ಟುಕೊಳ್ಳಿ. ನಾಲ್ಕು ಕಡೆ ಕೇಳುವವರೆಗೆ ಬಾಯಿಗೆ ತರಬೇಡಿ. ಅದು ಇಲ್ಲದೆಯೂ ಹೇಳಬೇಕಾದದ್ದನ್ನು ಏಳು ವಾಕ್ಯದಲ್ಲಿ ಹೇಳಬಹುದು. ಇದನ್ನು ಕಾಕಾನಿಗೆ ಆ ಮಧ್ಯಾಹ್ನ ಒಂದೇ ಮಾತಿನಲ್ಲಿ ತಿಳಿಸಬಹುದಿತ್ತು ಎಂಬುದೂ ನನಗೆ ಗೊತ್ತು.

ಮರುದಿನ ಬೆಳಿಗ್ಗೆ ಟ್ರಂಕಿನಿಂದ ಹಳೆಯ ಅರ್ಜಿ ತೆಗೆದು, ತಾರೀಖು ಬಿಟ್ಟು ಒಂದಕ್ಷರವನ್ನೂ ಬದಲಿಸದೆ ಹೊಸ ಕಾಗದಕ್ಕೆ ಇಳಿಸಿದೆ. ಕಮಿಟಿಯ ಕಾರ್ಯದರ್ಶಿಯ ಮನೆಗೆ ನಡೆದುಹೋಗಿ, ಬಾಗಿಲು ತೆರೆದ ಕಾಕಾನ ಕೈಗೇ ಅದನ್ನು ಕೊಟ್ಟೆ. ಓದಿ ಮುಗಿಸುವವರೆಗೂ ಹೊಸ್ತಿಲ ಮುಂದೆ ನಿಂತಿದ್ದೆ.